ದೇಶ ಸುತ್ತಲು ಬೇಕಾದ ಕೋಶ

(ಗಿರಣಿ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಿಗಳ ಅಭ್ಯಾಸ ವರ್ಗದಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ವಾರದ ವರ್ಗಕ್ಕೆ ಗೊತ್ತುಮಾಡಿರುವ ವಿಷಯ ಪ್ರವಾಸ. ಗಂಡ ಹೆಂಡತಿ ಇಬ್ಬರೂ ರಜೆ ಹಾಕಿ, ಕಾರಿನಲ್ಲಿ ಕೂತು, ಅಮೆರಿಕದ ದಕ್ಷಿಣ ಭಾಗದ ಆರೇಳು ರಾಜ್ಯಗಳನ್ನು ಸುತ್ತಿ ಬರುವ ಪ್ರವಾಸ. ವಿಷಯ ಕೇಳಿದ ಕೂಡಲೆ ಗೆಳೆಯರೊಬ್ಬರು, "ಮೇಷ್ಟ್ರೆ, ಬೋನಸ್ಸು ತುಟ್ಟಿಭತ್ಯೆಯ ಮಾತು ಬಿಟ್ಟು ನಮಗೇಕೆ ಈ ಸಾಹುಕಾರರ ಸಂಗತಿ?" ಎಂದರು. ಕೇಳಬೇಕಾದ ಪ್ರಶ್ನೆಯೇ. ಆದರೆ ರಜೆ ಸಾಹುಕಾರರ ಸಂಗತಿಯಲ್ಲ. ಸಾಹುಕಾರನಿಗೆ ವರ್ಷದ ಎಲ್ಲ ದಿನವೂ ಅವನದೇ. ರಜೆ ಎಂಬ ಮಾತು ಹುಟ್ಟಿದ್ದೇ ದುಡಿಯುವವನಿಗಾಗಿ. ದುಡಿಯುವವನು ನಾಲ್ಕು ದಿನ ಮನೆ ಬಿಟ್ಟು ಹೊರಟರೆ ದಾರಿಯಲ್ಲಿ ಅವನಿಗೆ ಅನ್ನ ಎಲ್ಲಿ, ನೀರು ಎಲ್ಲಿ, ರಾತ್ರಿ ತಲೆ ಇಡಲು ಜಾಗ ಎಲ್ಲಿ ಎಂಬುದರಲ್ಲಿ ಒಂದು ದೇಶದ ನ್ಯಾಯ ಅನ್ಯಾಯವೆಲ್ಲ ಕಾಣುತ್ತದೆ.

ದೇಶ ಸುತ್ತು, ಕೋಶ ಓದು ಎಂದು ನಮ್ಮ ಹಿರಿಯರು ಹೇಳಿದರು. ಎರಡರಲ್ಲಿ ಒಂದನ್ನಾದರೂ ಮಾಡಿದವನಿಗೆ ಬುದ್ಧಿ ಬರುತ್ತದೆ ಎಂದು ಅದರ ತಾತ್ಪರ್ಯ. ಅಮೆರಿಕದ ಕರಿಯ ಜನಕ್ಕೆ ಮಾತ್ರ ಮೂವತ್ತು ವರ್ಷ ಕಾಲ ಈ ಗಾದೆ ಬೇರೆ ರೀತಿ ಅನ್ವಯವಾಯಿತು. ಅವರು ದೇಶ ಸುತ್ತಬೇಕಾದರೆ ಮೊದಲು ಒಂದು ಕೋಶವನ್ನು ಓದಿಯೇ ಹೊರಡಬೇಕಾಗಿತ್ತು. ಓದದೆ ಹೊರಟವರ ಜೀವಕ್ಕೇ ಅಪಾಯ. ಆ ಕೋಶ ಯಾವುದು, ಅದನ್ನು ಬರೆದವರು ಯಾರು, ಅದು ಬೇಡವಾದುದು ಹೇಗೆ, ಇದೇ ನನ್ನ ಇಂದಿನ ಮಾತು.

ನಕ್ಷೆಯನ್ನು ನೋಡೋಣ

ಮೇಷ್ಟ್ರ ಕೆಲಸ ಬಿಟ್ಟರೂ ನಕ್ಷೆ ತೂಗುಹಾಕುವ ಚಾಳಿ ಹೋಗಿಲ್ಲ. ಮೊದಲು ಒಂದು ಮಾತು. ದಕ್ಷಿಣ ಅಮೆರಿಕ ಎಂಬ ಖಂಡ ಬೇರೆ. ನಾನು ಹೇಳುತ್ತಿರುವುದು ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣದ ರಾಜ್ಯಗಳನ್ನು. ರಾಜಧಾನಿ ವಾಷಿಂಗ್ಟನ್ನಿನಿಂದ ಕೆಳಕ್ಕೆ ಇಳಿದರೆ ವರ್ಜೀನಿಯಾ, ಉತ್ತರ ಕ್ಯಾರೊಲಿನಾ, ದಕ್ಷಿಣ ಕ್ಯಾರೊಲಿನಾ, ಜಾರ್ಜಿಯಾ. ಅಲ್ಲಿಂದ ಪಶ್ಚಿಮಕ್ಕೆ ತಿರುಗಿದರೆ ಅಲಬಾಮಾ, ಮಿಸಿಸಿಪ್ಪಿ. ಮತ್ತೆ ಮೇಲಕ್ಕೆ ಏರಿದರೆ ಟೆನೆಸ್ಸಿ. ಇದು ಹತ್ತಿಯ ಸೀಮೆ. ಆಫ್ರಿಕದಿಂದ ಹಿಡಿದು ತಂದ ಜನರನ್ನು ತಲೆಮಾರುಗಟ್ಟಲೆ ಗುಲಾಮರಾಗಿ ದುಡಿಸಿಕೊಂಡು ಹತ್ತಿ ಬೆಳೆದ ಸೀಮೆ.

೧೮೬೫ರಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಹೋಯಿತು. ಆದರೆ ಒಡೆಯರು ಬೇರೆ ಬಾಗಿಲಿನಿಂದ ಒಳಗೆ ಬಂದರು. ೧೮೯೬ರಲ್ಲಿ ಒಂದು ರೈಲು ಪ್ರಯಾಣದ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಕರಿಯರನ್ನೂ ಬಿಳಿಯರನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ ಕೂರಿಸುವ ಕಾನೂನು ಸರಿ ಎಂದುಬಿಟ್ಟಿತು. ಅಲ್ಲಿಂದ ಮುಂದೆ ದಕ್ಷಿಣದಲ್ಲಿ ಎಲ್ಲವೂ ಎರಡಾಯಿತು. ಶಾಲೆ ಎರಡು, ಆಸ್ಪತ್ರೆ ಎರಡು, ಬಸ್ಸಿನ ಸೀಟು ಎರಡು, ಕುಡಿಯುವ ನೀರಿನ ನಲ್ಲಿ ಎರಡು. ಹೆಸರಿಗೆ ಎರಡೂ ಸಮ. ವಾಸ್ತವದಲ್ಲಿ ಒಂದು ಕಡೆ ಎಲ್ಲ, ಇನ್ನೊಂದು ಕಡೆ ಏನೂ ಇಲ್ಲ.

ಕಿಸೆಯಲ್ಲಿ ದುಡ್ಡು, ರಾತ್ರಿಗೆ ಜಾಗವಿಲ್ಲ

೧೯೫೦ರ ಹೊತ್ತಿನ ಒಂದು ದಂಪತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಹೆಸರು ಬೇಡ, ಅಂಥವರು ಲಕ್ಷಗಟ್ಟಲೆ ಇದ್ದರು. ನ್ಯೂಯಾರ್ಕಿನಲ್ಲಿ ಇಬ್ಬರೂ ದುಡಿಯುವವರು. ಬೇರು ಇರುವುದು ಅಲಬಾಮಾದ ಒಂದು ಹಳ್ಳಿಯಲ್ಲಿ. ೧೯೧೦ರಿಂದ ೧೯೭೦ರ ವರೆಗೆ ಸುಮಾರು ೬೦ ಲಕ್ಷ ಕರಿಯರು ದಕ್ಷಿಣದ ಹೊಲ ಬಿಟ್ಟು ಉತ್ತರದ ಮತ್ತು ಪಶ್ಚಿಮದ ಪಟ್ಟಣಗಳಿಗೆ ಹೋದರು. ಅವರಿಗೆ ರಜೆಯ ಪ್ರವಾಸ ಎಂದರೆ ಬಹುಮಟ್ಟಿಗೆ ಊರಿಗೆ ಹೋಗುವುದು. ಮುದಿ ತಾಯಿಯನ್ನು ನೋಡುವುದು, ಮಕ್ಕಳಿಗೆ ಅಜ್ಜಿಯ ಮನೆ ತೋರಿಸುವುದು. ಇದು ನಮಗೆ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ.

ಬಸ್ಸಿನಲ್ಲಿ ಹಿಂದಿನ ಸೀಟಿನ ಅವಮಾನ ಬೇಡವೆಂದು ಅವರು ದುಡ್ಡು ಕೂಡಿಟ್ಟು ಹಳೆಯ ಕಾರೊಂದನ್ನು ಕೊಂಡಿದ್ದಾರೆ. ಹೊರಡುವ ಹಿಂದಿನ ರಾತ್ರಿ ಹೆಂಡತಿ ಬುತ್ತಿ ಕಟ್ಟುತ್ತಾಳೆ. ಹುರಿದ ಕೋಳಿ, ಬೇಯಿಸಿದ ಮೊಟ್ಟೆ, ರೊಟ್ಟಿ, ನೀರು. ಹೊದಿಕೆ ದಿಂಬು ಕಾರಿನಲ್ಲಿ ಬೀಳುತ್ತವೆ. ಒಂದು ತಗಡಿನ ಡಬ್ಬವೂ ಬೀಳುತ್ತದೆ, ಯಾಕೆಂದರೆ ದಾರಿಯ ಪೆಟ್ರೋಲ್ ಬಂಕಿನವನು ದುಡ್ಡು ತೆಗೆದುಕೊಂಡು ಪೆಟ್ರೋಲು ಹಾಕುತ್ತಾನೆ, ಆದರೆ ಅವನ ಪಾಯಿಖಾನೆ ಕರಿಯರಿಗಲ್ಲ. ಕೆಲವರು ಡ್ರೈವರನ ಟೋಪಿಯೊಂದನ್ನೂ ಇಟ್ಟುಕೊಳ್ಳುತ್ತಿದ್ದರು. ಪೊಲೀಸಿನವನು ತಡೆದರೆ, ಕಾರು ಧಣಿಯದು, ನಾನು ಕೂಲಿಯವನು ಎಂದು ಹೇಳಿ ಪಾರಾಗಲು. ತನ್ನ ಬೆವರಿನ ದುಡ್ಡಿನಲ್ಲಿ ಕೊಂಡ ಕಾರನ್ನು ತನ್ನದಲ್ಲವೆಂದು ಹೇಳಬೇಕು!

ವ್ಯಾಪಾರಿ ಮಿತ್ರರು ಇಲ್ಲಿ ಒಂದು ನಿಮಿಷ ಯೋಚಿಸಬೇಕು. ಗಿರಾಕಿ ಬಾಗಿಲಿಗೆ ಬಂದಿದ್ದಾನೆ, ಕಿಸೆಯಲ್ಲಿ ರೊಕ್ಕವಿದೆ, ಕೇಳುವುದು ಒಂದು ಕೋಣೆ, ಒಂದು ಊಟ. ಆದರೂ ಅಂಗಡಿಯವನು ಇಲ್ಲವೆನ್ನುತ್ತಾನೆ. ಲಾಭವೇ ದೇವರು ಎನ್ನುವ ದೇಶದಲ್ಲಿ ಲಾಭವನ್ನೂ ಮೀರಿದ ದ್ವೇಷವಿತ್ತು. ಸೂರ್ಯ ಮುಳುಗಿದ ಮೇಲೆ ಕರಿಯರು ಊರಲ್ಲಿ ಇರಕೂಡದು ಎಂದಿದ್ದ ಊರುಗಳೂ ಇದ್ದವು. ಅಂಥವು ದಕ್ಷಿಣಕ್ಕಿಂತ ಉತ್ತರದಲ್ಲೂ ಪಶ್ಚಿಮದಲ್ಲೂ ಹೆಚ್ಚಾಗಿದ್ದವು ಎಂಬುದನ್ನೂ ಹೇಳಬೇಕು. ದಕ್ಷಿಣದವರಷ್ಟೇ ಕೆಟ್ಟವರು, ಉತ್ತರದವರು ಸಂತರು ಎಂದು ಯಾರೂ ತಿಳಿಯಬಾರದು.

ದೊಡ್ಡ ಹೆಸರಿನವರಿಗೂ ಇದು ತಪ್ಪಲಿಲ್ಲ. ಜಾಕಿ ರಾಬಿನ್‌ಸನ್ ಎಂಬ ಬೇಸ್‌ಬಾಲ್ ಆಟಗಾರ ೧೯೪೬ರ ಫೆಬ್ರವರಿ ೧೦ರಂದು ರೇಚೆಲ್ ಎಂಬಾಕೆಯನ್ನು ಮದುವೆಯಾದ. ಮೂರು ವಾರ ಕಳೆಯುವ ಮೊದಲೇ ಇಬ್ಬರೂ ಕ್ಯಾಲಿಫೋರ್ನಿಯಾದಿಂದ ಫ್ಲಾರಿಡಾದ ತರಬೇತಿ ಶಿಬಿರಕ್ಕೆ ಹೊರಟರು. ಜಾಕಿಯ ತಾಯಿ ಒಂದು ಡಬ್ಬದಲ್ಲಿ ಕೋಳಿ, ಮೊಟ್ಟೆಯ ಬುತ್ತಿ ಕಟ್ಟಿಕೊಟ್ಟಳು. ವಿಮಾನದಲ್ಲಿ ಹೋಗುವವರಿಗೆ ಬುತ್ತಿ ಯಾಕೆಂದು ಹೊಸ ಸೊಸೆಗೆ ಸಂಕೋಚ. ನ್ಯೂ ಆರ್ಲಿಯನ್ಸಿನಲ್ಲಿ ಅವರನ್ನು ವಿಮಾನದಿಂದ ಇಳಿಸಿದರು. ಊಟಕ್ಕೆ ಹೋಟೆಲು ಇಲ್ಲ. ಅತ್ತೆಯ ಬುತ್ತಿಯೇ ಗತಿಯಾಯಿತು. ಪೆನ್ಸಕೋಲಾದಲ್ಲಿ ಮತ್ತೆ ಇಳಿಸಿದರು. ಕಡೆಗೆ ಬಸ್ಸು ಹತ್ತಿದರೆ, ಎದ್ದು ಹಿಂದಕ್ಕೆ ಹೋಗಿ ಎಂದರು. ಇಬ್ಬರೂ ರಾತ್ರಿಯೆಲ್ಲ ಹಿಂದಿನ ಸೀಟಿನಲ್ಲಿ ಕೂತು ಹೋದರು. ಮರುವರ್ಷ, ೧೯೪೭ರ ಏಪ್ರಿಲ್ ೧೫ರಂದು, ದೊಡ್ಡ ಲೀಗಿನ ಆಟದಲ್ಲಿ ಬಣ್ಣದ ಬೇಲಿಯನ್ನು ಮುರಿದವನು ಇದೇ ರಾಬಿನ್‌ಸನ್.

ಅಂಚೆಯವನ ಪುಸ್ತಕ

ಈಗ ಕೋಶದ ಮಾತು. ನ್ಯೂಯಾರ್ಕಿನ ಹಾರ್ಲೆಮ್ ಕೇರಿಯಲ್ಲಿ ವಿಕ್ಟರ್ ಹ್ಯೂಗೊ ಗ್ರೀನ್ ಎಂಬ ಅಂಚೆಯವನಿದ್ದ. ಪಕ್ಕದ ನ್ಯೂಜೆರ್ಸಿ ರಾಜ್ಯದಲ್ಲಿ ಮನೆ ಮನೆಗೆ ಟಪಾಲು ಹಂಚುವ ಕೆಲಸ. ಅವನ ಹೆಂಡತಿ ಆಲ್ಮಾ. ೧೯೩೬ರಲ್ಲಿ ಅವನು ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿದ. ಕರಿಯ ಪ್ರಯಾಣಿಕರಿಗೆ ಊಟ ಕೊಡುವ ಹೋಟೆಲು ಎಲ್ಲಿ, ಮಲಗಲು ಜಾಗ ಎಲ್ಲಿ, ಕಾರು ರಿಪೇರಿಯವನು ಎಲ್ಲಿ, ಕ್ಷೌರದಂಗಡಿ ಎಲ್ಲಿ, ಇಷ್ಟೇ ಅದರಲ್ಲಿ. ಮೊದಲು ನ್ಯೂಯಾರ್ಕಿನ ಸುತ್ತಮುತ್ತಲ ಮಟ್ಟಿಗೆ. ಆಮೇಲೆ ಊರೂರಿನ ಓದುಗರು, ಟಪಾಲು ಹಂಚುವ ಬೇರೆ ಊರುಗಳ ಸಂಗಾತಿಗಳು ವಿಳಾಸ ಕಳಿಸತೊಡಗಿದರು. ಪುಸ್ತಕ ದೇಶವನ್ನೆಲ್ಲ ವ್ಯಾಪಿಸಿತು. ಜನ ಅದನ್ನು ಗ್ರೀನ್ ಬುಕ್ ಎಂದರು.

ಅದರ ಪುಟಗಳಲ್ಲಿ ಇದ್ದವರು ಯಾರು? ಸಣ್ಣ ವ್ಯಾಪಾರಿಗಳು. ಮನೆಯ ಒಂದು ಕೋಣೆಯನ್ನು ಬಾಡಿಗೆಗೆ ಬಿಡುವ ವಿಧವೆ, ನಾಲ್ಕು ಮೇಜಿನ ಖಾನಾವಳಿಯವನು, ದರ್ಜಿ, ಔಷಧದಂಗಡಿಯವನು. ಹೋಟೆಲೇ ಇಲ್ಲದ ಊರಿನಲ್ಲಿ ಪ್ರಯಾಣಿಕರನ್ನು ಮನೆಯೊಳಗೇ ಇಳಿಸಿಕೊಳ್ಳುತ್ತಿದ್ದರು. ದೊಡ್ಡ ಬಂಡವಾಳ ಬಾಗಿಲು ಹಾಕಿದಾಗ ಸಣ್ಣ ಅಂಗಡಿಯವನು ದೀಪ ಹಚ್ಚಿ ಇಟ್ಟಿದ್ದ. ಇಂಥ ಪುಸ್ತಕ ಬೇಡವಾಗುವ ದಿನ ಬರಲಿ ಎಂದೇ ಗ್ರೀನ್ ತನ್ನ ಮುನ್ನುಡಿಯಲ್ಲಿ ಹಾರೈಸಿದ. ತನ್ನ ವ್ಯಾಪಾರ ನಿಲ್ಲಲೆಂದು ಹಾರೈಸಿದ ವ್ಯಾಪಾರಿ! ಅವನು ೧೯೬೦ರಲ್ಲಿ ತೀರಿಕೊಂಡ. ಆಲ್ಮಾ ಪುಸ್ತಕವನ್ನು ಮುಂದುವರಿಸಿದಳು.

ಹತ್ತಿಯ ಸೀಮೆಯ ದಾರಿಯಲ್ಲಿ

ಈ ಪುಸ್ತಕ ಕೈಯಲ್ಲಿ ಹಿಡಿದು ನಮ್ಮ ದಂಪತಿ ವಾಷಿಂಗ್ಟನ್ ದಾಟುತ್ತಾರೆ. ಮೊದಲು ವರ್ಜೀನಿಯಾ. ಇಲ್ಲಿ ಗಂಡ ಹೆಂಡತಿ ಒಂದೇ ಕಾರಿನಲ್ಲಿ ಕೂರುವುದೇ ಅಪರಾಧವಾಗಿದ್ದ ಒಂದು ಕಥೆಯುಂಟು. ರಿಚರ್ಡ್ ಲವಿಂಗ್ ಗಾರೆ ಕೆಲಸದ ಬಿಳಿಯ. ಮಿಲ್ಡ್ರೆಡ್ ಕಪ್ಪು ಮತ್ತು ಆದಿವಾಸಿ ಮೂಲದವಳು. ೧೯೫೮ರ ಜೂನ್‌ನಲ್ಲಿ ವಾಷಿಂಗ್ಟನ್ನಿಗೆ ಹೋಗಿ ಮದುವೆಯಾಗಿ ಊರಿಗೆ ಮರಳಿದರು. ಜುಲೈನಲ್ಲಿ ಒಂದು ನಡುರಾತ್ರಿ ಪೊಲೀಸರು ಮಲಗುವ ಕೋಣೆಗೇ ನುಗ್ಗಿ ಹಿಡಿದರು. ಒಂದು ವರ್ಷ ಸಜೆ. ಇಪ್ಪತ್ತೈದು ವರ್ಷ ಇಬ್ಬರೂ ಒಟ್ಟಿಗೆ ಈ ರಾಜ್ಯಕ್ಕೆ ಕಾಲಿಡದಿದ್ದರೆ ಸಜೆ ಮಾಫಿ ಎಂದಿತು ನ್ಯಾಯಾಲಯ. ತವರಿಗೆ ಹೋಗಬೇಕಾದರೆ ಇಬ್ಬರೂ ಬೇರೆ ಬೇರೆ ಹೋಗಬೇಕು. ೧೯೬೭ರ ಜೂನ್ ೧೨ರಂದು ಸುಪ್ರೀಂ ಕೋರ್ಟು ಆ ಕಾನೂನನ್ನು ಒಮ್ಮತದಿಂದ ಕಿತ್ತುಹಾಕಿತು. ಆ ದಿನದ ತನಕ ೧೬ ರಾಜ್ಯಗಳಲ್ಲಿ ಅಂಥ ಕಾನೂನು ಇತ್ತು.

ಮುಂದೆ ಎರಡು ಕ್ಯಾರೊಲಿನಾಗಳು. ಗಿರಣಿಯ ಅಣ್ಣಂದಿರು ಇಲ್ಲಿ ಕಿವಿಗೊಡಬೇಕು, ಯಾಕೆಂದರೆ ಇದು ನಮ್ಮ ಕಸುಬಿನ ನಾಡು. ಅಮೆರಿಕದ ಬಟ್ಟೆ ಗಿರಣಿಗಳು ಮೊದಲು ಉತ್ತರದಲ್ಲಿದ್ದವು. ಕಡಿಮೆ ಕೂಲಿ, ಸಂಘದ ಕಾಟವಿಲ್ಲ ಎಂದು ಬಂಡವಾಳ ದಕ್ಷಿಣಕ್ಕೆ ಇಳಿಯಿತು. ಇಲ್ಲಿಯ ಗಿರಣಿಯೊಳಗೆ ನೂಲುವ, ನೇಯುವ ಕೆಲಸವೆಲ್ಲ ಬಿಳಿಯ ಬಡವರಿಗೆ. ಕರಿಯರಿಗೆ ಅಂಗಳದಲ್ಲಿ ಬೇಲು ಹೊರುವುದು, ಕಸ ಗುಡಿಸುವುದು. ೧೯೧೫ರಲ್ಲಿ ದಕ್ಷಿಣ ಕ್ಯಾರೊಲಿನಾ ಇದಕ್ಕೆ ಕಾನೂನನ್ನೇ ಮಾಡಿತು. ಬಟ್ಟೆ ಗಿರಣಿಯ ಒಂದೇ ಕೋಣೆಯಲ್ಲಿ ಎರಡು ಬಣ್ಣದವರು ದುಡಿಯಕೂಡದು, ಒಂದೇ ಬಕೀಟಿನ ನೀರನ್ನು ಒಂದೇ ಲೋಟದಲ್ಲಿ ಕುಡಿಯಕೂಡದು.

ಇದರಿಂದ ಬಿಳಿಯ ಕೆಲಸಗಾರ ಉದ್ಧಾರವಾದನೇ? ೧೯೩೪ರ ಸೆಪ್ಟೆಂಬರಿನಲ್ಲಿ ಬಟ್ಟೆ ಗಿರಣಿಗಳ ದೊಡ್ಡ ಮುಷ್ಕರವಾಯಿತು. ಸುಮಾರು ನಾಲ್ಕು ಲಕ್ಷ ಜನ ಕೆಲಸ ನಿಲ್ಲಿಸಿದರು. ಸೆಪ್ಟೆಂಬರ್ ೬ರಂದು ದಕ್ಷಿಣ ಕ್ಯಾರೊಲಿನಾದ ಹನಿಯಾ ಪಾತ್ ಎಂಬ ಊರಿನ ಗಿರಣಿಯ ಮುಂದೆ ಗುಂಡು ಹಾರಿತು. ಏಳು ಜನ ಕೆಲಸಗಾರರು ಸತ್ತರು. ಮುಷ್ಕರ ಮೂರು ವಾರದಲ್ಲಿ ಮುರಿಯಿತು. ಎಷ್ಟೋ ಜನರನ್ನು ಮತ್ತೆ ಗಿರಣಿಯ ಗೇಟಿನ ಒಳಗೆ ಬಿಡಲಿಲ್ಲ. ತನ್ನ ಜೊತೆಯ ದುಡಿಮೆಗಾರನಿಗೆ ಲೋಟ ಬೇರೆ ಮಾಡಿದವನು ಧಣಿಯ ಮುಂದೆ ಒಬ್ಬಂಟಿಯಾಗಿ ನಿಲ್ಲಬೇಕಾಯಿತು. ಇಂದಿಗೂ ಕಾರ್ಮಿಕ ಸಂಘಗಳ ಸದಸ್ಯರು ಅತಿ ಕಡಿಮೆ ಇರುವ ರಾಜ್ಯಗಳಲ್ಲಿ ಎರಡು ಕ್ಯಾರೊಲಿನಾಗಳೂ ಸೇರಿವೆ. ಬಣ್ಣದ ಗೋಡೆಯ ಲಾಭ ಯಾರಿಗೆ ಹೋಯಿತೆಂದು ಬೇರೆ ಹೇಳಬೇಕೇ?

ಉತ್ತರ ಕ್ಯಾರೊಲಿನಾದ ಗ್ರೀನ್ಸ್‌ಬರೋದಲ್ಲಿ ೧೯೬೦ರ ಫೆಬ್ರವರಿ ೧ರಂದು ನಾಲ್ವರು ಕರಿಯ ವಿದ್ಯಾರ್ಥಿಗಳು ವೂಲ್‌ವರ್ತ್ ಎಂಬ ದೊಡ್ಡ ಅಂಗಡಿಗೆ ಹೋದರು. ಸಣ್ಣಪುಟ್ಟ ಸಾಮಾನು ಕೊಂಡರು. ಆ ದುಡ್ಡನ್ನು ಅಂಗಡಿಯವರು ತೆಗೆದುಕೊಂಡರು. ಅದೇ ಅಂಗಡಿಯ ಕಾಫಿ ತಿಂಡಿಯ ಕಟ್ಟೆಯಲ್ಲಿ ಕೂತರೆ ಕಾಫಿ ಇಲ್ಲ. ಅವರು ಏಳಲಿಲ್ಲ. ಮರುದಿನ ಇನ್ನಷ್ಟು ಜನ ಬಂದು ಕೂತರು. ವಾರಗಳಲ್ಲಿ ಈ ಕೂರುವ ಸತ್ಯಾಗ್ರಹ ದಕ್ಷಿಣದ ಎಷ್ಟೋ ಊರುಗಳಿಗೆ ಹಬ್ಬಿತು. ವ್ಯಾಪಾರ ಕುಸಿದ ಮೇಲೆ, ಜುಲೈ ೨೫ರಂದು, ಅಂಗಡಿಯವರು ಸೋತು ಕಾಫಿ ಕೊಟ್ಟರು.

೧೯೬೧ರ ಮೇ ೪ರಂದು ಹದಿಮೂರು ಜನ, ಕರಿಯರೂ ಬಿಳಿಯರೂ ಕೂಡಿ, ವಾಷಿಂಗ್ಟನ್ನಿನಲ್ಲಿ ಎರಡು ಬಸ್ಸು ಹತ್ತಿದರು. ನಾವು ಈಗ ನಕ್ಷೆಯಲ್ಲಿ ಬೆರಳಿಟ್ಟ ದಾರಿಯಲ್ಲೇ ಅವರೂ ಹೊರಟದ್ದು. ರಾಜ್ಯದಿಂದ ರಾಜ್ಯಕ್ಕೆ ಹೋಗುವ ಬಸ್ಸಿನಲ್ಲಿ, ಬಸ್ ನಿಲ್ದಾಣದಲ್ಲಿ ಬಣ್ಣಭೇದ ಕೂಡದೆಂದು ಕೋರ್ಟು ಆಗಲೇ ಹೇಳಿತ್ತು. ಆ ತೀರ್ಪು ಕಾಗದದ ಮೇಲೆ ಇದೆಯೋ ನೆಲದ ಮೇಲೆ ಇದೆಯೋ ನೋಡಬೇಕೆಂದು ಅವರ ಸಂಕಲ್ಪ. ದಕ್ಷಿಣ ಕ್ಯಾರೊಲಿನಾದ ರಾಕ್ ಹಿಲ್‌ನಲ್ಲಿ ಹೊಡೆತ ಬಿತ್ತು. ಮೇ ೧೪ರಂದು ಅಲಬಾಮಾದ ಆ್ಯನಿಸ್ಟನ್ ಊರಿನ ಹೊರಗೆ ಒಂದು ಬಸ್ಸಿಗೆ ಬೆಂಕಿಯೇ ಇಟ್ಟರು. ಪೆಟ್ಟು ತಿಂದವರು ಹಿಂದೆ ಸರಿಯುವ ಮೊದಲೇ ಬೇರೆಯವರು ಬಂದು ಬಸ್ಸು ಹತ್ತಿದರು. ಆ ಬೇಸಗೆ ಮಿಸಿಸಿಪ್ಪಿಯ ಜಾಕ್ಸನ್ ಪಟ್ಟಣದಲ್ಲಿ ಮುನ್ನೂರಕ್ಕೂ ಹೆಚ್ಚು ಪ್ರಯಾಣಿಕರು ಜೈಲು ಸೇರಿದರು. ಅವರ ಅಪರಾಧ ಪ್ರಯಾಣ ಮಾಡಿದ್ದು. ನವೆಂಬರ್ ೧ರಿಂದ ನಿಲ್ದಾಣಗಳ ಭೇದದ ಫಲಕಗಳನ್ನು ತೆಗೆಯಬೇಕೆಂದು ಕೇಂದ್ರದ ಆಜ್ಞೆಯಾಯಿತು.

ಒಂದು ಕೋಣೆಯ ಮೊಕದ್ದಮೆ

ಜಾರ್ಜಿಯಾದ ಅಟ್ಲಾಂಟಾಕ್ಕೆ ಬಂದೆವು. ಇಲ್ಲಿ ಹಾರ್ಟ್ ಆಫ್ ಅಟ್ಲಾಂಟಾ ಎಂಬ ೨೧೬ ಕೋಣೆಗಳ ಮೋಟೆಲಿತ್ತು. ಮೋಟೆಲೆಂದರೆ ಕಾರಿನಲ್ಲಿ ಬರುವವರು ಇಳಿಯುವ ವಸತಿ. ೧೯೬೪ರ ಜುಲೈ ೨ರಂದು ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಬಿದ್ದಿತು. ಹೋಟೆಲು, ಮೋಟೆಲು, ಖಾನಾವಳಿಗಳಲ್ಲಿ ಬಣ್ಣಭೇದ ಕೂಡದು ಎಂದಿತು. ಈ ಮೋಟೆಲಿನ ಮಾಲೀಕ, ನನ್ನ ಆಸ್ತಿ ನನ್ನ ಇಷ್ಟ ಎಂದು ಕೋರ್ಟಿಗೆ ಹೋದ. ಅಲಬಾಮಾದ ಬರ್ಮಿಂಗ್‌ಹ್ಯಾಮಿನ ಆಲೀಸ್ ಎಂಬ ಮಾಂಸದೂಟದ ಹೋಟೆಲಿನವರೂ ಹೋದರು. ಆ ಹೋಟೆಲಿನ ಕೆಲಸಗಾರರು ೩೬ ಜನ. ಮೂರರಲ್ಲಿ ಎರಡು ಪಾಲು ಕರಿಯರು. ಅಡಿಗೆ ಮಾಡುವ ಕೈ ಕಪ್ಪಾದರೆ ತೊಂದರೆಯಿಲ್ಲ, ಉಣ್ಣುವ ಕೈ ಕಪ್ಪಾಗಕೂಡದು.

ಡಿಸೆಂಬರ್ ೧೪ರಂದು ಎರಡೂ ಮೊಕದ್ದಮೆಗಳ ತೀರ್ಪು ಬಂತು. ಮೋಟೆಲಿಗೆ ಬರುವವರಲ್ಲಿ ನೂರಕ್ಕೆ ಎಪ್ಪತ್ತೈದು ಜನ ಹೊರರಾಜ್ಯದವರು. ಹೋಟೆಲು ಕೊಳ್ಳುವ ಸಾಮಗ್ರಿಯಲ್ಲಿ ನೂರಕ್ಕೆ ೪೬ರಷ್ಟು ಹೊರರಾಜ್ಯದ ಮಾಂಸ. ಪ್ರಯಾಣಿಕನಿಗೆ ಊಟ, ಕೋಣೆ ಸಿಗದಿದ್ದರೆ ರಾಜ್ಯರಾಜ್ಯಗಳ ನಡುವಿನ ವ್ಯಾಪಾರವೇ ಕುಂಟುತ್ತದೆ. ಆದುದರಿಂದ ಪಾರ್ಲಿಮೆಂಟಿಗೆ ಕಾನೂನು ಮಾಡುವ ಅಧಿಕಾರವಿದೆ ಎಂದಿತು ಕೋರ್ಟು. ಬೀದಿಯಲ್ಲಿ ಪೆಟ್ಟು ತಿಂದ ಹುಡುಗರ ಮಾತಿಗೆ ಕಡೆಗೆ ಕೋರ್ಟಿನ ಮುದ್ರೆ ಬಿತ್ತು.

ಇದರಲ್ಲಿ ಕಹಿಯ ಭಾಗವೂ ಉಂಟು, ಅದನ್ನು ಮುಚ್ಚಿಡಬಾರದು. ಎಲ್ಲ ಬಾಗಿಲೂ ತೆರೆದ ಮೇಲೆ ಗ್ರೀನ್ ಬುಕ್ ೧೯೬೬-೬೭ರ ಸಂಚಿಕೆಯೊಂದಿಗೆ ನಿಂತಿತು. ಗ್ರೀನ್ ಹಾರೈಸಿದ್ದು ಆಯಿತು. ಆದರೆ ಕಷ್ಟಕಾಲದಲ್ಲಿ ದೀಪ ಹಚ್ಚಿದ್ದ ಕರಿಯ ಅಂಗಡಿಕಾರರ ಗಿರಾಕಿಗಳು ದೊಡ್ಡ ಕಂಪನಿಗಳ ಮೋಟೆಲುಗಳಿಗೆ ಹೋದರು. ಹೊಸ ಹೆದ್ದಾರಿಗಳು ಎಷ್ಟೋ ಊರುಗಳಲ್ಲಿ ಕರಿಯರ ಕೇರಿಯನ್ನೇ ಸೀಳಿಕೊಂಡು ಹೋದವು. ಬಾಗಿಲು ತೆರೆದರೆ ಸಾಲದು, ಸಣ್ಣವನ ಕೈಯಲ್ಲಿ ಬಂಡವಾಳವೂ ಇರಬೇಕು ಎಂಬ ಪಾಠ ಅಲ್ಲಿದೆ. ಇಂದು ಆ ಹೆದ್ದಾರಿಗಳ ಬದಿಯ ಮೋಟೆಲುಗಳಲ್ಲಿ ಬಹಳಷ್ಟು ಗುಜರಾತಿನಿಂದ ಹೋದ ಪಟೇಲ ಕುಟುಂಬಗಳವು. ಅವರ ಎದುರಿಗೂ, ಇದು ಅಮೆರಿಕನ್ನರ ಒಡೆತನದ್ದು ಎಂದು ಪೈಪೋಟಿಯವರು ಫಲಕ ತೂಗುಹಾಕಿದ ಕಾಲವೊಂದಿತ್ತು. ಬೇಲಿ ಹಾಕುವವನಿಗೆ ಬಣ್ಣ ಒಂದು ನೆಪ ಮಾತ್ರ.

ಹೊಲಿಗೆಯಾಕೆ, ಅಡಿಗೆಯಾಕೆ, ನಮ್ಮ ಲೋಹಿಯಾ

ಅಲಬಾಮಾದ ಮಾಂಟ್ಗಮೆರಿಯಲ್ಲಿ ರೋಸಾ ಪಾರ್ಕ್ಸ್ ಬಟ್ಟೆ ಅಂಗಡಿಯೊಂದರಲ್ಲಿ ಹೊಲಿಗೆಯ ಕೆಲಸ ಮಾಡುತ್ತಿದ್ದಳು. ೧೯೫೫ರ ಡಿಸೆಂಬರ್ ೧ರ ಸಂಜೆ ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಡಲಿಲ್ಲ, ಬಂಧಿಸಿದರು. ಊರಿನ ಕರಿಯರು ೩೮೧ ದಿನ ಬಸ್ಸು ಹತ್ತಲಿಲ್ಲ. ಮನೆಗೆಲಸದ ಹೆಂಗಸರು ಮೈಲಿಗಟ್ಟಲೆ ನಡೆದರು. ಜಾರ್ಜಿಯಾ ಗಿಲ್‌ಮೋರ್ ಎಂಬ ಅಡಿಗೆಯಾಕೆ ಊಟ ತಿಂಡಿ ಮಾಡಿ ಮಾರಿ, ನೆರೆಯ ಹೆಂಗಸರನ್ನೂ ಕೂಡಿಸಿಕೊಂಡು, ಚಳವಳಿಯ ಕಾರುಗಳ ಪೆಟ್ರೋಲಿಗೆ ದುಡ್ಡು ಒಟ್ಟುಮಾಡಿದಳು. ದೊಡ್ಡ ಭಾಷಣಗಳು ಚರಿತ್ರೆಯಲ್ಲಿ ಉಳಿಯುತ್ತವೆ. ಆದರೆ ಭಾಷಣಕ್ಕೆ ಬಂದವರು ಮರುದಿನ ಕೆಲಸಕ್ಕೆ ಹೋಗಲು ಬೇಕಾದ ಪೆಟ್ರೋಲು ಈ ತಾಯಿಯ ಒಲೆಯಿಂದ ಬಂತು.

ಈ ದಾರಿಯಲ್ಲಿ ನಮ್ಮವರೂ ನಡೆದಿದ್ದಾರೆ. ೧೯೫೧ರ ಜೂನ್‌ನಲ್ಲಿ ಸಾಗರದ ಹತ್ತಿರ ಕಾಗೋಡಿನ ಗೇಣಿದಾರರ ಸತ್ಯಾಗ್ರಹಕ್ಕೆ ಬಂದು ಬಂಧನಕ್ಕೆ ಒಳಗಾದ ರಾಮಮನೋಹರ ಲೋಹಿಯಾ ಅದೇ ವರ್ಷ ಅಮೆರಿಕಕ್ಕೆ ಹೋದರು. ಅನ್ಯಾಯದ ಕಾನೂನನ್ನು ಮುರಿದು ಜೈಲಿಗೆ ಹೋಗಿ ಎಂದು ಅಲ್ಲಿನ ಕರಿಯರಿಗೆ ಹೇಳಿದರು. ಟೆನೆಸ್ಸಿಯ ಹೈಲ್ಯಾಂಡರ್ ಎಂಬ ಕಾರ್ಮಿಕ ಶಾಲೆಗೂ ಹೋಗಿದ್ದರು. ರೋಸಾ ಪಾರ್ಕ್ಸ್ ೧೯೫೫ರ ಬೇಸಗೆಯಲ್ಲಿ ಕಲಿಯಲು ಹೋದದ್ದು ಅದೇ ಶಾಲೆಗೆ. ಲೋಹಿಯಾ ೧೯೬೪ರಲ್ಲಿ, ಲೋಕಸಭೆಯ ಸದಸ್ಯರಾಗಿ, ಮತ್ತೆ ಹೋದರು. ಮೇ ೨೭ರಂದು ಜಾಕ್ಸನ್ನಿನ ಒಂದು ಹೋಟೆಲು ಅವರಿಗೆ ಊಟ ನಿರಾಕರಿಸಿತು. ಮರುದಿನ ಬರುತ್ತೇನೆಂದು ತಿಳಿಸಿಯೇ ಅವರು ಧೋತರ ಉಟ್ಟು ಅದೇ ಬಾಗಿಲಿಗೆ ಹೋದರು. ಪೊಲೀಸರು ಹಿಡಿದು ವ್ಯಾನಿನಲ್ಲಿ ಕೂರಿಸಿ, ಆಮೇಲೆ ಬಿಟ್ಟರು. ಅಮೆರಿಕದ ಸರ್ಕಾರ ಕ್ಷಮೆ ಕೇಳಿದಾಗ, ತನ್ನನ್ನಲ್ಲ, ಅವರ ಸ್ವಾತಂತ್ರ್ಯ ದೇವಿಯ ಪ್ರತಿಮೆಯನ್ನು ಕೇಳಲಿ ಎಂಬರ್ಥದ ಉತ್ತರ ಕೊಟ್ಟರು. ಹೊಸ ಕಾಯ್ದೆ ಬರಲು ಆಗ ಐದು ವಾರ ಬಾಕಿಯಿತ್ತು.

ಮೆಂಫಿಸ್ಸಿನ ಮೋಟೆಲು

ನಮ್ಮ ನಕ್ಷೆಯ ಕಡೆಯ ಊರು ಟೆನೆಸ್ಸಿಯ ಮೆಂಫಿಸ್. ಇಲ್ಲಿ ವಾಲ್ಟರ್ ಬೇಲಿ ಮತ್ತು ಲೋರೀ ಎಂಬ ಕರಿಯ ದಂಪತಿ ೧೯೪೫ರಲ್ಲಿ ಒಂದು ವಸತಿಗೃಹ ಕೊಂಡರು. ಹೆಂಡತಿಯ ಹೆಸರಿಗೆ ಹೊಂದುವಂತೆ ಅದಕ್ಕೆ ಲೊರೇನ್ ಎಂದು ಹೆಸರಿಟ್ಟರು. ಗ್ರೀನ್ ಬುಕ್‌ನಲ್ಲಿ ಅದರ ವಿಳಾಸವೂ ಇತ್ತು.

೧೯೬೮ರ ಫೆಬ್ರವರಿ ೧ರಂದು ಮೆಂಫಿಸ್ ನಗರಸಭೆಯ ಇಬ್ಬರು ಕಸ ಸಾಗಿಸುವ ಕೆಲಸಗಾರರು, ಎಕೋಲ್ ಕೋಲ್ ಮತ್ತು ರಾಬರ್ಟ್ ವಾಕರ್, ಮಳೆಗೆ ಕಸದ ಲಾರಿಯೊಳಗೆ ಆಸರೆ ಪಡೆದರು. ಕೆಟ್ಟ ಯಂತ್ರ ತಾನಾಗಿ ಚಾಲೂ ಆಗಿ ಇಬ್ಬರನ್ನೂ ಅರೆದುಹಾಕಿತು. ಫೆಬ್ರವರಿ ೧೨ರಂದು ಸುಮಾರು ೧,೩೦೦ ಜನ ಮುಷ್ಕರ ಹೂಡಿದರು. ಎದೆಯ ಮೇಲೆ ಫಲಕ ತೂಗುಹಾಕಿಕೊಂಡು ನಡೆದರು. ಫಲಕದ ಬರಹ ಒಂದೇ: ನಾನು ಮನುಷ್ಯ. ಕೂಲಿ ಹೆಚ್ಚಿಸಿ ಎಂಬುದಕ್ಕೂ ಮೊದಲು ಹೇಳಬೇಕಾದ ಮಾತು ಅದಾಗಿತ್ತು.

ಅವರ ಬೆಂಬಲಕ್ಕೆ ಬಂದ ಮಾರ್ಟಿನ್ ಲೂಥರ್ ಕಿಂಗ್ ಇಳಿದುಕೊಂಡದ್ದು ಲೊರೇನ್ ಮೋಟೆಲಿನ ೩೦೬ನೆಯ ಕೋಣೆಯಲ್ಲಿ. ಏಪ್ರಿಲ್ ೪ರ ಸಂಜೆ ಕೋಣೆಯ ಮುಂದಿನ ಮೊಗಸಾಲೆಯಲ್ಲಿ ನಿಂತಾಗ ಗುಂಡು ತಗಲಿ ಸತ್ತರು. ಮೋಟೆಲಿನ ಒಡತಿ ಲೋರೀಗೆ ಕೆಲವೇ ಗಂಟೆಗಳಲ್ಲಿ ಮೆದುಳಿನ ಆಘಾತವಾಯಿತು; ಕಿಂಗರ ಶವಸಂಸ್ಕಾರದ ದಿನ, ಏಪ್ರಿಲ್ ೯ರಂದು, ಆಕೆಯೂ ತೀರಿಕೊಂಡಳು. ಏಪ್ರಿಲ್ ೧೬ರಂದು ನಗರಸಭೆ ಕೆಲಸಗಾರರ ಸಂಘವನ್ನು ಒಪ್ಪಿತು. ವಾಲ್ಟರ್ ಬೇಲಿ ಆ ಕೋಣೆಯನ್ನು ಮತ್ತೆ ಬಾಡ��ಗೆಗೆ ಕೊಡಲಿಲ್ಲ. ೧೯೯೧ರಿಂದ ಆ ಮೋಟೆಲು ನಾಗರಿಕ ಹಕ್ಕುಗಳ ವಸ್ತುಸಂಗ್ರಹಾಲಯವಾಗಿದೆ.

ಈಗ ರಜೆಯಲ್ಲಿ ಬರುವ ದಂಪತಿಗಳು, ಯಾವ ಬಣ್ಣದವರೇ ಆಗಲಿ, ಆ ದಾರಿಯಲ್ಲಿ ಯಾವ ಮೋಟೆಲಿಗೆ ಬೇಕಾದರೂ ಹೋಗಿ ಕೋಣೆ ಕೇಳಬಹುದು. ಇಲ್ಲವೆಂದರೆ ಕಾನೂನು ಅವರ ಕಡೆಗಿದೆ. ಅವರು ಮಲಗುವ ಹಾಸಿಗೆಯನ್ನು ಹಾಸಿಕೊಟ್ಟವರು ಅಂಚೆಯವನು, ಹೊಲಿಗೆಯಾಕೆ, ಅಡಿಗೆಯಾಕೆ, ಕಾಫಿಗೆ ಕಾದು ಕೂತ ಹುಡುಗರು, ಕಸದ ಲಾರಿಯ ಕೆಲಸಗಾರರು.

ಇನ್ನು ನಮ್ಮ ಮಾತು

ಇಷ್ಟು ಕೇಳಿ, ಅಮೆರಿಕದವರನ್ನು ಬಯ್ದು, ಕೈ ತೊಳೆದುಕೊಂಡು ಮನೆಗೆ ಹೋಗುವುದು ಸುಲಭ. ೧೯೩೪ರಲ್ಲಿ ಅಂಬೇಡ್ಕರರೂ ಅವರ ಜೊತೆಯವರೂ ದೌಲತಾಬಾದಿನ ಕೋಟೆ ನೋಡಲು ಪ್ರವಾಸ ಹೋದರು. ದಾರಿಯ ಧೂಳು ಹೋಗಲೆಂದು ಕೋಟೆಯ ಬಾಗಿಲ ಬಳಿಯ ಕೊಳದಲ್ಲಿ ಮುಖ ತೊಳೆದದ್ದಕ್ಕೆ, ಕೊಳ ಮೈಲಿಗೆಯಾಯಿತೆಂದು ಜನ ಮೇಲೆರಗಿ ಬಂದರು. ೧೯೫೦ರ ಜನವರಿ ೨೬ರಿಂದ ನಮ್ಮ ಸಂವಿಧಾನದ ೧೫ನೆಯ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳಲ್ಲಿ ಜಾತಿಯ ಅಡ್ಡಿ ಕೂಡದು ಎನ್ನುತ್ತಿದೆ. ಅಮೆರಿಕದ ಕಾಯ್ದೆಗಿಂತ ಹದಿನಾಲ್ಕು ವರ್ಷ ಮೊದಲೇ ಬರೆದಿಟ್ಟೆವು. ಬರೆದದ್ದು ಕಾಗದದ ಮೇಲಿದೆಯೋ ನೆಲದ ಮೇಲಿದೆಯೋ ಎಂದು ನೋಡಲು ನಮ್ಮ ಬಸ್ಸನ್ನೂ ನಾವು ಹತ್ತಬೇಕು.

ಇನ್ನೊಂದು ಮಾತು ರಜೆಯದು. ಅಮೆರಿಕದಲ್ಲಿ ಬಾಗಿಲು ತೆರೆಯಿತು, ಆದರೆ ಖಾಸಗಿ ಕೆಲಸಗಾರನಿಗೆ ಸಂಬಳ ಸಹಿತ ರಜೆ ಕೊಡಲೇಬೇಕೆಂಬ ಕೇಂದ್ರ ಕಾನೂನು ಅಲ್ಲಿ ಇಂದಿಗೂ ಇಲ್ಲ. ಫ್ರಾನ್ಸಿನ ಕೆಲಸಗಾರರು ೧೯೩೬ರ ಮುಷ್ಕರಗಳಿಂದ ವರ್ಷಕ್ಕೆ ಎರಡು ವಾರ ಪಡೆದರು. ನಮ್ಮಲ್ಲಿ ೧೯೪೮ರ ಫ್ಯಾಕ್ಟರಿ ಕಾಯ್ದೆ, ವರ್ಷದಲ್ಲಿ ೨೪೦ ದಿನ ದುಡಿದವನಿಗೆ ೨೦ ದಿನಕ್ಕೊಂದರಂತೆ ಸಂಬಳದ ರಜೆಯನ್ನು ಹಕ್ಕಾಗಿ ಕೊಟ್ಟಿತು. ದಾರಿ ತೆರೆದಿದ್ದೂ ಹೊರಡಲು ದಿನವಿಲ್ಲದವನಿಗೆ ದಾರಿಯಿಂದ ಏನು ಪ್ರಯೋಜನ? ದಿನವಿದ್ದೂ ದಾರಿಯಲ್ಲಿ ನೀರು ಸಿಗದವನಿಗೆ ದಿನದಿಂದ ಏನು ಪ್ರಯೋಜನ? ಎರಡೂ ಬೇಕು. ಎರಡನ್ನೂ ಯಾರೂ ದಾನವಾಗಿ ಕೊಟ್ಟಿಲ್ಲ.

ಆದುದರಿಂದ ಗಿರಣಿಯ ಸಂಗಾತಿಗಳಲ್ಲಿ ನನ್ನ ಬಿನ್ನಹ: ಪಕ್ಕದ ಯಂತ್ರದವನ ಜಾತಿ ಕೇಳಬೇಡಿ, ಅವನ ರಜೆಯ ಲೆಕ್ಕ ಸರಿಯಿದೆಯೇ ಎಂದು ಕೇಳಿ. ವ್ಯಾಪಾರಿ ಮಿತ್ರರಲ್ಲಿ ಬಿನ್ನಹ: ಬಾಗಿಲಿಗೆ ಬಂದ ಗಿರಾಕಿಗೆ ಲೋಟ ಬೇರೆ ಮಾಡಬೇಡಿ. ಮುಂದಿನ ವಾರ ಸಂಘದ ಕೊಠಡಿಯಲ್ಲಿ ರಜೆಯ ಲೆಕ್ಕದ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ಕೂರೋಣ. ಹಾಜರಿ ಚೀಟಿ ಇದ್ದವರೆಲ್ಲ ತನ್ನಿ.